ಗಸಿ ಎಲ್ಲಿಗೆ ಹೋಯಿತು?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಊರಿನ ಕೊಳಚೆ, ಹೊಳೆಯ ನೀರು

ಪ್ರಶ್ನೆ: ನಮ್ಮದು ಸುಮಾರು 30,000 ಜನರ ಊರು. ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಆದರೂ ಹೊರಬರುವ ನೀರು ಕಂದು ಬಣ್ಣ, ಕೆಲವು ದಿನ ನೊರೆ. ಕೇಳಿದರೆ ‘ಎಲ್ಲ ಮೆಷಿನ್ ಓಡ್ತಾ ಇದೆ ಮೇಡಂ’ ಅನ್ನುತ್ತಾರೆ. ನಾವು ಏನನ್ನು ನೋಡಬೇಕು, ಏನು ಕೇಳಬೇಕು?
– ಪುರಸಭೆ ಸದಸ್ಯೆ, ಮಂಡ್ಯ ಜಿಲ್ಲೆ

ಮೆಷಿನ್ ಓಡಿದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ನೀವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ತಿಂಗಳು ಘಟಕದಿಂದ ಎಷ್ಟು ಟ್ರ್ಯಾಕ್ಟರ್ ಗಸಿ ಹೊರಗೆ ಹೋಯಿತು?

ಯಾಕೆ ಅಂತ ಲೆಕ್ಕ ಹಾಕೋಣ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ವಿನ್ಯಾಸದ ಅಳತೆ. ಅದರಲ್ಲಿ ಶೇ 80, ಅಂದರೆ 108 ಲೀಟರ್, ಬಚ್ಚಲು, ಅಡುಗೆಮನೆ, ಕಕ್ಕಸಿನಿಂದ ಒಳಚರಂಡಿಗೆ ಇಳಿಯುತ್ತದೆ. 30,000 ಜನಕ್ಕೆ 32.4 ಲಕ್ಷ ಲೀಟರ್. ಇನ್ನು ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಅರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬುದರ ಅಳತೆ ಅದು. ಮನೆ ಕೊಳಚೆಯಲ್ಲಿ ಲೀಟರಿಗೆ 250 ಮಿಲಿಗ್ರಾಂ ಆಸುಪಾಸು ಇರುತ್ತದೆ. ಗುಣಿಸಿದರೆ ದಿನಕ್ಕೆ 810 ಕೆ.ಜಿ.; ತಲೆಗೆ 27 ಗ್ರಾಂ.

ಈ 810 ಕೆ.ಜಿ. ಘಟಕದೊಳಗೆ ಮಾಯವಾಗುವುದಿಲ್ಲ. ಗಾಳಿ ಊದುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಕೊಳೆ ತಿಂದು ಒಂದು ಪಾಲನ್ನು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಬಿಡುತ್ತವೆ. ಇನ್ನೊಂದು ಪಾಲಿನಿಂದ ತಾವೇ ಬೆಳೆದು ಹೆಚ್ಚುತ್ತವೆ. ಹಾಗೆ ಹೆಚ್ಚಿದ ಬ್ಯಾಕ್ಟೀರಿಯಾ ರಾಶಿಯೇ ಗಸಿ; ಘಟಕದವರು ಸ್ಲಡ್ಜ್ ಅನ್ನುತ್ತಾರೆ. ಒಂದು ಕೆ.ಜಿ. ಬಿಒಡಿ ತೆಗೆದರೆ ಅರ್ಧದಿಂದ ಮುಕ್ಕಾಲು ಕೆ.ಜಿ. ಒಣ ಗಸಿ ಹುಟ್ಟುತ್ತದೆ. ನಿಮ್ಮ ಊರಿನ ಲೆಕ್ಕಕ್ಕೆ ದಿನಕ್ಕೆ 400ರಿಂದ 600 ಕೆ.ಜಿ. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ ಶೇ 20ರಷ್ಟು ಗಟ್ಟಿ ಮಾಡಿದ ಮೇಲೂ ಎರಡರಿಂದ ಮೂರು ಟನ್, ಹೆಚ್ಚುಕಡಿಮೆ ದಿನಕ್ಕೊಂದು ಟ್ರ್ಯಾಕ್ಟರ್ ಲೋಡು. ಘಟಕ ಪೂರ್ತಿ ಹರಿವಿನಲ್ಲಿ ನಡೆಯುತ್ತಿದ್ದೂ ಗಸಿ ಸಾಗಿಸಿದ ರಿಜಿಸ್ಟರ್ ಖಾಲಿ ಇದ್ದರೆ, ಆ ಗಸಿ, ಅದು ತಳಕ್ಕೆ ಇಳಿಯಲೆಂದೇ ಇರುವ ಕೊನೆಯ ತೊಟ್ಟಿಯ ಅಂಚು ದಾಟಿ ಹೊಳೆಗೆ ಹೋಗಿದೆ ಅಂತಲೇ ಅರ್ಥ. ನೀವು ನೋಡಿದ ಕಂದು ಬಣ್ಣ ಅದೇ ಇರುವ ಸಾಧ್ಯತೆ ಬಹಳ. ಊರಿನ ಅರ್ಧ ಮನೆಗಳಿಗೆ ಇನ್ನೂ ಒಳಚರಂಡಿ ಸಂಪರ್ಕ ಸಿಕ್ಕಿಲ್ಲವಾದರೆ ಗಸಿಯೂ ಅರ್ಧವೇ ಬರುತ್ತದೆ. ಹಾಗಾಗಿ ಒಳಬರುವ ನೀರಿನ ಮೀಟರ್ ರೀಡಿಂಗನ್ನೂ ಜೊತೆಗೇ ಕೇಳಿ.

ಎರಡನೆಯದಾಗಿ, ನಿಮ್ಮ ಕಣ್ಣೆದುರೇ ಒಂದು ಪರೀಕ್ಷೆ ಮಾಡಿಸಿ. ಬ್ಲೋವರ್ ಓಡುತ್ತಿರುವಾಗ ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಅಳತೆ ಜಾಡಿಗೆ ತುಂಬಿ, ನೆರಳಿನಲ್ಲಿ ಅಲುಗಾಡದಂತೆ 30 ನಿಮಿಷ ಇಡಬೇಕು. ಗಸಿ 250ರಿಂದ 400 ಮಿ.ಲೀ. ಗೆರೆಗೆ ಇಳಿದು ಮೇಲಿನ ನೀರು ತಿಳಿಯಾಗಿದ್ದರೆ ಆರೋಗ್ಯದ ಲಕ್ಷಣ. 100ಕ್ಕಿಂತ ಕೆಳಗಿದ್ದರೆ ಬ್ಯಾಕ್ಟೀರಿಯಾ ಸಾಲದು. ಹೊಸ ಘಟಕದಲ್ಲೋ, ಗಸಿ ಅತಿಯಾಗಿ ತೆಗೆದಲ್ಲೋ ಹೀಗಾಗುತ್ತದೆ. 800, 900ರಲ್ಲೇ ನಿಂತರೆ ಎರಡು ಕಾರಣ ಇರಬಹುದು, ಎರಡಕ್ಕೂ ಮದ್ದು ಬೇರೆ. ಗುರುತಿಸಲು ಅದೇ ನೀರನ್ನು ಅರ್ಧ, ಹೊರಬರುವ ತಿಳಿನೀರನ್ನು ಅರ್ಧ ಬೆರೆಸಿ ಮತ್ತೆ 30 ನಿಮಿಷ ಇಡಿ. ಈ ಸಲ 300ರ ಹತ್ತಿರಕ್ಕೆ ಇಳಿದರೆ ತೊಟ್ಟಿಯಲ್ಲಿ ಗಸಿ ತುಂಬಿಹೋಗಿದೆ, ದಿನಾ ಸ್ವಲ್ಪ ಸ್ವಲ್ಪವಾಗಿ ಹೊರತೆಗೆಯಬೇಕು. ಆಗಲೂ ಮೇಲೆಯೇ ನಿಂತರೆ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಹೆಚ್ಚಿವೆ. ಗಾಳಿ ಸಾಲದಿದ್ದಾಗ, ಕೊಳಚೆ ದಾರಿಯಲ್ಲೇ ಕೊಳೆತು ಬಂದಾಗ, ಹೋಟೆಲುಗಳ ಎಣ್ಣೆ ಸೇರಿದಾಗ ಇವಕ್ಕೆ ಹಬ್ಬ. ಮೊದಲು ಗಾಳಿ ಸರಿಪಡಿಸಬೇಕು, ಹೋಟೆಲುಗಳಿಗೆ ಎಣ್ಣೆ ತಡೆಯುವ ತೊಟ್ಟಿ ಕಡ್ಡಾಯ ಮಾಡಬೇಕು. ಜಾಡಿಯನ್ನು ಇನ್ನೊಂದೆರಡು ಗಂಟೆ ಹಾಗೇ ಬಿಡಿ. ಇಳಿದ ಗಸಿ ಸಣ್ಣ ಗುಳ್ಳೆಗಳ ಜೊತೆ ಮತ್ತೆ ಮೇಲೆದ್ದರೆ, ಕೊನೆಯ ತೊಟ್ಟಿಯ ತಳದಲ್ಲಿ ಗಸಿ ಹೆಚ್ಚು ಹೊತ್ತು ನಿಂತು ಸಾರಜನಕದ ಅನಿಲ ಹುಟ್ಟುತ್ತಿದೆ. ಆ ಗಸಿಯನ್ನು ಗಾಳಿ ತೊಟ್ಟಿಗೆ ಮರಳಿಸುವ ಪಂಪಿನ ವೇಗ ಹೆಚ್ಚಿಸಬೇಕು.

ನೊರೆಯ ಬಣ್ಣವೂ ಮಾತಾಡುತ್ತದೆ. ಹಗುರ ಬಿಳಿ ನೊರೆ ಎಳೆಯ ಗಸಿಯದು ಅಥವಾ ಸೋಪಿನದು. ದಪ್ಪ ಕಂದು ಕೆನೆ ಹಳಸಿದ ಗಸಿ ಮತ್ತು ಎಣ್ಣೆಯದು. ನೀರು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ನಿಂತು ಬಹಳ ಹೊತ್ತಾಗಿದೆ. ಗಾಳಿ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 1.5ರಿಂದ 2 ಮಿ.ಗ್ರಾಂ ಇರಬೇಕು. ರಾತ್ರಿ ಬ್ಲೋವರ್ ಆರಿಸುತ್ತಾರೋ ಎಂಬ ಅನುಮಾನ ಇದ್ದರೆ ಕರೆಂಟ್ ಬಿಲ್ ನೋಡಿ. 40 ಕಿಲೋವ್ಯಾಟಿನ ಬ್ಲೋವರ್ 20 ಗಂಟೆ ಓಡಿದರೆ 800 ಯೂನಿಟ್. ಬಿಲ್ಲಿನಲ್ಲಿ ದಿನಕ್ಕೆ ಸರಾಸರಿ 300 ಮಾತ್ರ ಬಂದಿದ್ದರೆ ಅದು ಓಡಿದ್ದು ಹೆಚ್ಚೆಂದರೆ ಏಳೂವರೆ ಗಂಟೆ.

ಕೊನೆಯ ಮಾತು ಕಾಗದದ್ದು. ಸಣ್ಣ ಊರುಗಳ ಘಟಕದಿಂದ ಹೊರಡುವ ನೀರಿನ ಬಿಒಡಿ 30 ಮಿ.ಗ್ರಾಂ ಮೀರಬಾರದೆಂದು ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಹೇಳಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಅದನ್ನು 10ಕ್ಕೆ ಬಿಗಿಗೊಳಿಸಿತು. ನಿಮ್ಮ ಘಟಕಕ್ಕೆ ಯಾವ ಮಿತಿ ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲೇ ಬರೆದಿರುತ್ತದೆ. ಅದರ ಪ್ರತಿ ಪುರಸಭೆ ಕಚೇರಿಯಲ್ಲಿ ಸಿಗಬೇಕು.

ಪ್ರಶ್ನೆ: ನಮ್ಮ ಊರಿನಲ್ಲಿ ಮೆಷಿನ್ ಇಲ್ಲ, ಸಾಲಾಗಿ ಹೊಂಡಗಳಿವೆ. ಮೊದಲ ಹೊಂಡದ ಮೇಲೆ ಹುಲ್ಲು ಬೆಳೆದಿದೆ. ಅದು ಕೆಲಸ ಮಾಡುತ್ತಿದೆಯೇ?
– ಕೆ.ಆರ್. ಪೇಟೆ ಕಡೆಯ ಓದುಗರು

ಇಲ್ಲ. ಮೊದಲ ಹೊಂಡದ ಮೇಲೆ ಹುಲ್ಲು ಬೇರೂರಿದೆ ಎಂದರೆ ಅದು ಗಸಿಯಿಂದ ತುಂಬಿ ನೆಲವಾಗಿದೆ. ಗಾಳಿಯಿಲ್ಲದ ಆ ಆಳದ ಹೊಂಡದಲ್ಲಿ ತಲೆಗೆ ವರ್ಷಕ್ಕೆ ಸುಮಾರು 40 ಲೀಟರ್ ಗಸಿ ಕೂರುತ್ತದೆ. 30,000 ಜನಕ್ಕೆ 1,200 ಘನ ಮೀಟರ್. ಒಂದು ದಿನದ ನೀರು ಹಿಡಿಯುವ ಹೊಂಡವಾದರೆ ಅದರ ಒಟ್ಟು ಗಾತ್ರವೇ 3,240 ಘನ ಮೀಟರ್. ವರ್ಷದೊಳಗೆ ಮೂರನೇ ಒಂದು ಪಾಲು ತುಂಬಿತು. ಆಗಲೇ ತೆಗೆಯಬೇಕು. ಎರಡು ಹೊಂಡ ಅಕ್ಕಪಕ್ಕ ಇದ್ದರೆ ಬೇಸಿಗೆಯಲ್ಲಿ ಒಂದನ್ನು ಮುಚ್ಚಿ ಒಣಗಿಸಿ ತೆಗೆಯುವುದು ಸುಲಭ. ತುಂಬಿದ ಹೊಂಡದಲ್ಲಿ ನೀರು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಣ್ಣ ಕಾಲುವೆ ಕೊರೆದುಕೊಂಡು ಗಂಟೆಯೊಳಗೆ ದಾಟಿಬಿಡುತ್ತದೆ. ಒಂದು ದಿನ ನಿಲ್ಲಬೇಕಾದದ್ದು ನಿಲ್ಲುವುದೇ ಇಲ್ಲ. ಹೊಂಡಗಳು ಒಳ್ಳೆಯ ವ್ಯವಸ್ಥೆ, ಕರೆಂಟ್ ಕೇಳುವುದಿಲ್ಲ. ಗಸಿ ತೆಗೆಯುವ ದುಡ್ಡನ್ನು ಮಾತ್ರ ಪ್ರತಿ ಬಜೆಟ್ಟಿನಲ್ಲಿ ಇಡಲೇಬೇಕು.

ಪ್ರಶ್ನೆ: ನಮ್ಮ ಮನೆ ಹೊಳೆ ದಡಕ್ಕೆ ಹತ್ತಿರ. ಸಿಮೆಂಟ್ ರಿಂಗ್ ಇಳಿಸಿದ ಗುಂಡಿ ಇದೆ, ತಳಕ್ಕೆ ಕಾಂಕ್ರೀಟ್ ಇಲ್ಲ. ಹದಿನೈದು ವರ್ಷದಿಂದ ಒಮ್ಮೆಯೂ ತುಂಬಿಲ್ಲ. ಇದು ಒಳ್ಳೆಯದೇ ಅಲ್ಲವೇ?
– ಶ್ರೀರಂಗಪಟ್ಟಣದ ಓದುಗರು

ತುಂಬದೇ ಇರುವುದೇ ಚಿಂತೆಯ ವಿಷಯ. ಹೊಳೆ ದಡದ ಮರಳು ಮಣ್ಣಿನಲ್ಲಿ, ನೀರಿನ ಮಟ್ಟ ಮೇಲಿರುವ ಕಡೆ, ತಳ ಇಲ್ಲದ ಗುಂಡಿಯಿಂದ ಎಲ್ಲವೂ ಅಂತರ್ಜಲಕ್ಕೆ ಸೇರುತ್ತದೆ. ಅಲ್ಲಿಂದ ಬಾವಿಗೆ, ಬೋರಿಗೆ, ಹೊಳೆಗೆ. ಒಂದೇ ಆಳದ ಗುಂಡಿಯ ಬದಲು ಎರಡು ಹಂತ ಬೇಕು: ನೀರು ಸೋರದ ಸೆಪ್ಟಿಕ್ ಟ್ಯಾಂಕ್, ಆಮೇಲೆ ಇಂಗುಗುಂಡಿ.

ಐದು ಜನರ ಮನೆಗೆ ಟ್ಯಾಂಕಿನ ಒಳ ಅಳತೆ: ಉದ್ದ 1.5 ಮೀಟರ್, ಅಗಲ 75 ಸೆಂ.ಮೀ., ನೀರಿನ ಆಳ 1 ಮೀಟರ್, ಅದರ ಮೇಲೆ 30 ಸೆಂ.ಮೀ. ಖಾಲಿ ಜಾಗ. ತಳ, ಗೋಡೆ ಎರಡಕ್ಕೂ ನೀರು ಸೋರದ ಗಾರೆ. ಒಳಬರುವ ಮತ್ತು ಹೊರಹೋಗುವ ಪೈಪಿಗೆ ‘ಟಿ’ ಹಾಕಿ, ಅದರ ಕೆಳಗಿನ ತುದಿ ನೀರಿನೊಳಗೆ ಮುಳುಗಿರಬೇಕು. ಇಲ್ಲದಿದ್ದರೆ ಮೇಲಿನ ಕೆನೆ ನೇರವಾಗಿ ಹೊರಗೆ ಹೋಗುತ್ತದೆ. ಹೊರಹೋಗುವ ಪೈಪು ಒಳಬರುವುದಕ್ಕಿಂತ 5 ಸೆಂ.ಮೀ. ಕೆಳಗಿರಲಿ. ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಇಂಗುಗುಂಡಿ ಬಾವಿ, ಬೋರ್‌ವೆಲ್‌ಗಳಿಂದ ಕನಿಷ್ಠ 18 ಮೀಟರ್ ದೂರ ಇರಲಿ, ಅದರ ತಳ ಮಳೆಗಾಲದ ನೀರಿನ ಮಟ್ಟಕ್ಕಿಂತ 2 ಮೀಟರ್ ಮೇಲಿರಲಿ. ಅಷ್ಟು ಎತ್ತರ ಸಿಗದ ದಡದ ಮನೆಗಳಲ್ಲಿ ಇಂಗಿಸುವ ಮಾತೇ ಬೇಡ. ಟ್ಯಾಂಕಿನ ನೀರನ್ನು ಒಳಚರಂಡಿಗೆ ಸೇರಿಸಬೇಕು. ಒಳಚರಂಡಿ ಇನ್ನೂ ಬಂದಿಲ್ಲವಾದರೆ, ನೆಲಕ್ಕಿಂತ ಮೇಲೆ ಕಟ್ಟಿದ ಜಲ್ಲಿ ತೊಟ್ಟಿಯಲ್ಲಿ ಬಾಳೆ, ಕಾಬಾಳೆ ಬೆಳೆಸಿ ಆ ನೀರು ಹರಿಸುವುದು ನಡುದಾರಿ.

ಗಸಿ ಯಾವಾಗ ತೆಗೆಸಬೇಕು? ಎರಡು ಮೀಟರ್ ಉದ್ದದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳ ಮುಟ್ಟುವಂತೆ ನಿಧಾನವಾಗಿ ಇಳಿಸಿ, ಒಂದೆರಡು ನಿಮಿಷ ಬಿಟ್ಟು ತೆಗೆಯಿರಿ. ಕಪ್ಪಾಗಿ ಅಂಟಿದ ಎತ್ತರವೇ ಗಸಿ. ಗಸಿ, ಕೆನೆ ಎರಡೂ ಸೇರಿ ನೀರಿನ ಆಳದ ಮೂರನೇ ಒಂದು ಪಾಲು ದಾಟಿದರೆ ಸಕ್ಕಿಂಗ್ ಲಾರಿ ಕರೆಸುವ ಹೊತ್ತು. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ. ಖಾಲಿ ಮಾಡಿದ ದಿನವೇ ಟ್ಯಾಂಕಿಗೆ ನೀರು ತುಂಬಿಸಿ. ಹೊಳೆ ದಡದಲ್ಲಿ ಖಾಲಿ ಟ್ಯಾಂಕನ್ನು ನೆಲದೊಳಗಿನ ನೀರು ಮೇಲಕ್ಕೆ ತಳ್ಳಿ ಬಿರುಕು ಬಿಡಿಸುತ್ತದೆ. ಸಗಣಿ, ಯೀಸ್ಟ್, ಅಂಗಡಿಯ ಬ್ಯಾಕ್ಟೀರಿಯಾ ಪುಡಿ ಯಾವುದೂ ಬೇಕಿಲ್ಲ.

ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಳ ಎಷ್ಟು ಹೊತ್ತು ತೆರೆದಿಟ್ಟರೂ ಸರಿ, ಬೆಂಕಿಕಡ್ಡಿ ಗೀರಿ ನೋಡಿದರೂ ಸರಿ, ಒಳಗಿನ ಗಾಳಿ ಕ್ಷೇಮ ಎಂದು ತಿಳಿಯಲು ಸಾಧ್ಯವಿಲ್ಲ. ಬೆಂಕಿಕಡ್ಡಿಯಿಂದ ಮೀಥೇನ್ ಸಿಡಿಯಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ಅದರ ವಾಸನೆಯನ್ನೇ ಗುರುತಿಸುವುದಿಲ್ಲ, ಮನುಷ್ಯ ಒಂದೆರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಲಾರಿ ಹೊರಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. 5,000 ಲೀಟರ್ ಟ್ಯಾಂಕರಿನ ಗಸಿಯ ಬಿಒಡಿ ಲೀಟರಿಗೆ 5,000 ಮಿ.ಗ್ರಾಂ ಎಂದು ಇಟ್ಟುಕೊಂಡರೂ 25 ಕೆ.ಜಿ. ಆಯಿತು. 900ಕ್ಕೂ ಹೆಚ್ಚು ಜನರ ಒಂದು ದಿನದ ಕೊಳೆ ಅದು. ರಾತ್ರೋರಾತ್ರಿ ನಾಲೆಗೆ ಬಿಟ್ಟರೆ ಏನಾಗುತ್ತದೆಂದು ನೀವೇ ಊಹಿಸಿ. ದೇವನಹಳ್ಳಿಯಲ್ಲಿ 2015ರಿಂದ ಇಂಥ ಗಸಿಗೆಂದೇ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಘಟಕ ಇದೆ. ಅಂಥದ್ದು ಇಲ್ಲದ ಊರಿನಲ್ಲಿ ಕೊಳಚೆ ಘಟಕದ ಬಾಯಲ್ಲಿ, ಕಸ ತಡೆಯುವ ಜಾಲರಿಗೆ ಮುಂಚೆ, ಹಗಲು ನೀರು ಜೋರಾಗಿ ಬರುವಾಗ ನಿಧಾನವಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ಗಾಳಿ ತೊಟ್ಟಿಯ ಆಮ್ಲಜನಕ ಖಾಲಿಯಾಗಿ ಘಟಕ ಕೆಲವು ದಿನ ಮಲಗುತ್ತದೆ.

ಪ್ರಶ್ನೆ: ಮಳೆ ಬಂದರೆ ಸಾಕು, ನಮ್ಮ ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತದೆ. ಪೈಪ್ ಸಣ್ಣದೇ?
– ನಂಜನಗೂಡಿನ ಓದುಗರು

ಪೈಪಿಗಿಂತ ಮೊದಲು ತಾರಸಿಗಳನ್ನು ನೋಡಿ. 100 ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಐದು ಜನರ ಮನೆಯ ಕೊಳಚೆ ದಿನಕ್ಕೆ 540 ಲೀಟರ್. ತಾರಸಿ ಪೈಪನ್ನು ಒಳಚರಂಡಿ ಚೇಂಬರಿಗೆ ಇಳಿಸಿದ ಒಂದು ಮನೆ, ಒಂದು ಮಳೆಗೆ ಒಂಬತ್ತು ದಿನದ ನೀರು ತಳ್ಳುತ್ತದೆ. ಬೀದಿ ಉಕ್ಕುವುದಲ್ಲದೆ, ಆ ರಭಸ ಘಟಕದ ಗಸಿಯನ್ನೂ ಕೊಚ್ಚಿಕೊಂಡು ಹೊಳೆಗೆ ಹಾಕುತ್ತದೆ. ತಾರಸಿ ನೀರಿಗೆ ಇಂಗುಗುಂಡಿ, ಇಲ್ಲವೇ ಮಳೆನೀರಿನ ಮೋರಿ.

ಪ್ರಶ್ನೆ: ಬೆಲ್ಲ, ಹಣ್ಣಿನ ಸಿಪ್ಪೆ ಕೊಳೆಸಿ ಮಾಡಿದ ಬಯೋ ಎನ್‌ಜೈಮ್ ಸುರಿದರೆ ಕಟ್ಟೆ, ನಾಲೆ ಶುದ್ಧವಾಗುತ್ತದೆ ಎನ್ನುತ್ತಾರೆ. ನಮ್ಮ ಯುವಕ ಸಂಘದವರು 500 ಲೀಟರ್ ತಯಾರಿಸಿದ್ದಾರೆ. ಸುರಿಯಬಹುದೇ?
– ಮದ್ದೂರು ಕಡೆಯ ಓದುಗರು

ದಯವಿಟ್ಟು ಸುರಿಯಬೇಡಿ. ನಿಮ್ಮ ಹುಡುಗರ ಕಾಳಜಿ ದೊಡ್ಡದು, ಅದಕ್ಕೇ ನೇರವಾಗಿ ಹೇಳುತ್ತಿದ್ದೇವೆ. ಒಂದು ಕೆ.ಜಿ. ಸಕ್ಕರೆ ನೀರಿಗೆ ಕರಗಿದರೆ ಮುಕ್ಕಾಲು ಕೆ.ಜಿ.ಗೆ ಹತ್ತಿರದಷ್ಟು ಬಿಒಡಿ. 25 ಜನರ ಒಂದು ದಿನದ ಕೊಳಚೆಗೆ ಸಮ. ಕೊಳೆಸಿದಾಗ ಬೆಲ್ಲ ಆಮ್ಲವಾಗುತ್ತದೆಯೇ ಹೊರತು ಆ ಹೊರೆ ಹೋಗುವುದಿಲ್ಲ. ಉಸಿರುಗಟ್ಟಿದ ಕಟ್ಟೆಗೆ ಇನ್ನಷ್ಟು ಉಣಿಸಿದಂತಾಗುತ್ತದೆ. ಆ 500 ಲೀಟರನ್ನು ನೀರು ಬೆರೆಸಿ ಮನೆಗಳಲ್ಲಿ ನೆಲ, ಕಕ್ಕಸು ತೊಳೆಯಲು ಹಂಚಿ.

ಇದೇ ಲೆಕ್ಕ ಆಲೆಮನೆಗೂ ಅನ್ವಯಿಸುತ್ತದೆ. ಕೊಪ್ಪರಿಗೆ ತೊಳೆದ ಸಿಹಿನೀರು, ಕಬ್ಬಿನ ಹಾಲು ಕಾಯುವಾಗ ತೆಗೆದ ಕೊಳೆ ಮೋರಿಗೆ ಹೋದರೆ ಮಲದ ನೀರಿಗಿಂತ ಬೇಗ ನಾಲೆಯ ಆಮ್ಲಜನಕ ಹೀರುತ್ತದೆ. ಕೊಳೆಯನ್ನು ಕಬ್ಬಿನ ತರಗು, ಒಲೆಯ ಬೂದಿ, ಸಗಣಿಯ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿ. ಮೊದಲ ಸಲ ತೊಳೆದ ದಪ್ಪ ನೀರನ್ನು ಅದೇ ಗುಂಡಿಗೆ ಚಿಮುಕಿಸಿ. ಒಳ್ಳೆಯ ಗೊಬ್ಬರ ಆಗುತ್ತದೆ.

ಪ್ರಶ್ನೆ: ಶುದ್ಧೀಕರಿಸಿದ ಕೊಳಚೆ ನೀರನ್ನು ಕಬ್ಬಿಗೆ ಬಿಡಬಹುದೇ? ಯೂರಿಯಾ ಉಳಿಯುತ್ತದೆಯೇ?
– ಪಾಂಡವಪುರ ತಾಲ್ಲೂಕಿನ ರೈತರು

ಬಿಡಬಹುದು, ಯೂರಿಯಾವೂ ಉಳಿಯುತ್ತದೆ. ಆದರೆ ಸಾರಜನಕದ ಲೆಕ್ಕ ಇಡದಿದ್ದರೆ ಬೆಳೆ ಕೆಡುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಕಟ್ಟಿದರೆ ಸುಮಾರು ಒಂದು ಲಕ್ಷ ಲೀಟರ್. ಆ ನೀರಿನಲ್ಲಿ ಸಾರಜನಕ ಲೀಟರಿಗೆ 30 ಮಿ.ಗ್ರಾಂ ಇದ್ದರೆ ಅಂಗುಲಕ್ಕೆ 3 ಕೆ.ಜಿ. ಬೆಳೆಯ ಅವಧಿಯಲ್ಲಿ 33 ಅಂಗುಲ ಹರಿಸಿದರೆ ಎಕರೆಗೆ 100 ಕೆ.ಜಿ. ಸಾರಜನಕ ಆಗಲೇ ಬಿತ್ತು. ಕಬ್ಬಿಗೆ ಶಿಫಾರಸಾಗುವುದೂ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ ಯೂರಿಯಾ ಎರಚಿದರೆ ಕಬ್ಬು ಸೊಕ್ಕಿ ಬೀಳುತ್ತದೆ, ಮಾಗುವುದು ತಡವಾಗುತ್ತದೆ, ಸಕ್ಕರೆ ಇಳುವರಿ ಕುಸಿಯುತ್ತದೆ. ಕಟಾವಿನ ಮುಂಚಿನ ಎರಡು ಮೂರು ತಿಂಗಳು ನಾಲೆ ನೀರಿಗೆ ಬದಲಿಸಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಜೌಗು, ಚೌಳು ಇರುವ ಗದ್ದೆಗೆ ಈ ನೀರು ಬೇಡ, ಉಪ್ಪು ಇನ್ನೂ ಏರುತ್ತದೆ.

ಕಬ್ಬು, ಹಿಪ್ಪುನೇರಳೆ, ನೇಪಿಯರ್ ಹುಲ್ಲು, ತೆಂಗಿಗೆ ಸರಿ. ಸೊಪ್ಪು, ಮೂಲಂಗಿ, ಸೌತೆಗೆ ಬೇಡ. ಜಂತುಹುಳದ ಮೊಟ್ಟೆ ಕ್ಲೋರಿನ್‌ಗೆ ಸಾಯುವುದಿಲ್ಲ, ನೀರು ನಿಂತು ತಳಕ್ಕೆ ಇಳಿದರಷ್ಟೇ ಹೋಗುತ್ತದೆ. ಜಮೀನಿನ ಮೇಲ್ಭಾಗದಲ್ಲಿ ಎಂಟು ಹತ್ತು ದಿನ ನೀರು ನಿಲ್ಲುವ ಹೊಂಡ ಮಾಡಿಕೊಂಡರೆ ಆ ಭಯ ಬಹಳ ಮಟ್ಟಿಗೆ ತಪ್ಪುತ್ತದೆ. ಗದ್ದೆಗೆ ಇಳಿಯುವವರಿಗೆ ಬೂಟು ಕೊಡಿ.

ಪ್ರಶ್ನೆ: ಕಾವೇರಿ ಅಷ್ಟು ದೊಡ್ಡ ಹೊಳೆ. ಒಂದು ಸಣ್ಣ ಊರಿನ ನೀರು ಸೇರಿದರೆ ಏನಾದೀತು? ನಾವೇ ಪರೀಕ್ಷೆ ಮಾಡಿ ನೋಡಬಹುದೇ?
– ತಿ. ನರಸೀಪುರದ ಕಾಲೇಜು ವಿದ್ಯಾರ್ಥಿಗಳು

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕ್ಯೂಸೆಕ್‌ನಲ್ಲೇ ಹೇಳೋಣ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್, ದಿನಕ್ಕೆ ಸುಮಾರು 24.5 ಲಕ್ಷ ಲೀಟರ್. ಬೇಸಿಗೆಯಲ್ಲಿ ಹೊಳೆಯಲ್ಲಿ 100 ಕ್ಯೂಸೆಕ್ ಇದ್ದಾಗ ಮೇಲೆ ಹೇಳಿದ 30,000 ಜನರ ಊರಿನ ಹಸಿ ಕೊಳಚೆ ಸೇರಿದರೆ ಹೊಳೆಯ ಬಿಒಡಿ ಲೀಟರಿಗೆ 3.3 ಮಿ.ಗ್ರಾಂ ಏರುತ್ತದೆ. ಸ್ನಾನಕ್ಕೆ ಯೋಗ್ಯ ಎನ್ನಲು ಇರುವ ಮಿತಿಯೇ 3. ಒಂದೇ ಊರು ಅದನ್ನು ಮುಗಿಸಿತು. ಅದೇ ಕೊಳಚೆಯನ್ನು 10ಕ್ಕೆ ಇಳಿಸಿ ಬಿಟ್ಟರೆ ಏರುವುದು 0.13 ಮಾತ್ರ. ಸಾವಿರ ಕ್ಯೂಸೆಕ್ ಹರಿಯುವ ಮಳೆಗಾಲದಲ್ಲಿ ತಪ್ಪು ಮುಚ್ಚಿಹೋಗುತ್ತದೆ, ಫೆಬ್ರುವರಿಯಿಂದ ಮೇವರೆಗೆ ಬಯಲಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ರಾಜ್ಯದ 17 ಕಲುಷಿತ ನದಿಭಾಗಗಳಲ್ಲಿ ಕಾವೇರಿ, ಕಬಿನಿ, ಶಿಂಷಾ, ಲಕ್ಷ್ಮಣತೀರ್ಥ ನಾಲ್ಕೂ ಇವೆ.

ನಿಮ್ಮ ಊರಲ್ಲಿ ಕಬಿನಿ, ಕಾವೇರಿ ಕೂಡುತ್ತವೆ. ಎರಡನ್ನೂ ಬೇರೆ ಬೇರೆಯಾಗಿ, ಸಂಗಮಕ್ಕೆ ಮುಂಚೆ ಅಳೆಯಿರಿ. ಕೊಳಚೆ ಸೇರುವ ಮೋರಿ ಎಲ್ಲಿದೆಯೋ ಅದರ ಮೇಲ್ಭಾಗ, ಮೋರಿಯ ಬಾಯಿ, ಚೆನ್ನಾಗಿ ಬೆರೆತ ಮೇಲೆ ಕೆಳಭಾಗ, ಹೀಗೆ ಮೂರು ಕಡೆ ಮಾದರಿ ಬೇಕು. ಹೊತ್ತು ಮುಖ್ಯ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ಕಳೆಯುತ್ತದೆ. ಮಧ್ಯಾಹ್ನ ಮೂರಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 8 ಮಿ.ಗ್ರಾಂ ತೋರಿಸಿದ ನೀರು ಬೆಳಗಿನ ಜಾವ 3 ತೋರಿಸಬಹುದು. ಮೀನು ಸಾಯುವುದು ಆಗಲೇ. ಸೂರ್ಯ ಹುಟ್ಟುವ ಮೊದಲು ಅಳೆಯಿರಿ, 5ಕ್ಕಿಂತ ಕಡಿಮೆ ಇದ್ದರೆ ಹೊಳೆ ಕಷ್ಟದಲ್ಲಿದೆ. ಕಲ್ಲು ಮಗುಚಿಯೂ ನೋಡಿ. ಮೂರು ಬಾಲದ ಚಪ್ಪಟೆ ಮರಿಹುಳ ಅಂಟಿಕೊಂಡಿದ್ದರೆ ನೀರು ಚೆನ್ನಾಗಿದೆ. ಕೆಸರಿನಲ್ಲಿ ರಕ್ತದ ಬಣ್ಣದ ಹುಳುಗಳು ಮಾತ್ರ ಇದ್ದರೆ ಕೆಟ್ಟಿದೆ.

ಆಮ್ಲಜನಕ ಅಳೆಯುವ ಮಾದರಿಯ ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಅಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಿ ಮುಚ್ಚಬೇಕು. ಲ್ಯಾಬಿಗೆ ಒಯ್ದು ಹಾಕಿದರೆ ಲೆಕ್ಕ ತಪ್ಪುತ್ತದೆ. ಬಿಒಡಿಯ ಬಾಟಲಿಗೆ ರಾಸಾಯನಿಕ ಬೇಡ, ಮಂಜುಗಡ್ಡೆಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ನಮ್ಮಲ್ಲಿ ಅದು 27 ಡಿಗ್ರಿಯಲ್ಲಿ ಮೂರು ದಿನದ ಪರೀಕ್ಷೆ. ಮಲದ ಬ್ಯಾಕ್ಟೀರಿಯಾ ನೋಡುವುದಾದರೆ ಕುದಿಸಿ ಶುಚಿ ಮಾಡಿದ ಬೇರೆ ಬಾಟಲಿ. ಘಟಕದ ಕ್ಲೋರಿನ್ ನೀರು ತುಂಬುವ ಬಾಟಲಿಗೆ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾಟಲಿಯೊಳಗೆ ಬ್ಯಾಕ್ಟೀರಿಯಾ ಸಾಯುತ್ತಲೇ ಇರುತ್ತವೆ, ಕೆಟ್ಟ ನೀರಿಗೂ ಒಳ್ಳೆಯ ವರದಿ ಬರುತ್ತದೆ. ಪ್ರತಿ ಬಾಟಲಿಯ ಮೇಲೂ ಜಾಗ, ದಿನ, ಗಂಟೆ ಮತ್ತು ಆ ದಿನ ಅಣೆಕಟ್ಟೆಯಿಂದ ಹೊಳೆಗೆ ಬಿಟ್ಟ ಕ್ಯೂಸೆಕ್ ಎಷ್ಟು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮಂಜುಗಡ್ಡೆಯ ತೇವಕ್ಕೆ ಅಳಿಸಿಹೋಗುತ್ತದೆ.